ಸಮುದ್ರಕ್ಕಿಳಿದ ಬಸ್ಸು

ಅಮ್ಮ ಮೊದಲ ಸಲ ಮಸ್ಕತ್ತಿಗೆ ಬಂದಿಳಿದಾಗ ಅವಳ ಪೆಟ್ಟಿಗೆಯಲ್ಲಿ ಸೀರೆಗಿಂತ ರೊಟ್ಟಿಯೇ ಹೆಚ್ಚಿತ್ತು. ರೊಟ್ಟಿಯೆಂದರೆ ನಮ್ಮ ಕರಾವಳಿಯ ಕೋರಿ ರೊಟ್ಟಿ. ಅಕ್ಕಿಯಿಂದ ಮಾಡಿದ, ಕಾಗದದಷ್ಟು ತೆಳ್ಳಗಿನ, ಮುಟ್ಟಿದರೆ ಮುರಿಯುವ ಒಣ ರೊಟ್ಟಿ. ಅದನ್ನು ಮುರಿದು ಹಾಕಿಕೊಂಡು ಮೇಲೆ ಕೋಳಿ ಸಾರು ಸುರಿದು ತಿನ್ನಬೇಕು. ಸೀಬ್ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ಪೊಟ್ಟಣ ಬಿಚ್ಚಿಸಿ, ಇದೇನೆಂದು ತಿಳಿಯದೆ ಒಂದು ಚೂರು ಬಾಯಿಗೆ ಹಾಕಿ ನೋಡಿ, ಇನ್ನೊಂದು ಚೂರನ್ನೂ ತೆಗೆದುಕೊಂಡು, ಹೋಗಿ ಎಂದು ಕೈಸನ್ನೆ ಮಾಡಿದನಂತೆ. ಒಮಾನ್ ದೇಶದ ಬಗ್ಗೆ ಅಮ್ಮನಿಗೆ ಒಳ್ಳೆಯ ಅಭಿಪ್ರಾಯ ಹುಟ್ಟಿದ್ದು ಅಲ್ಲಿಯೇ. ಅದು ಹೆಚ್ಚು ದಿನ ಉಳಿಯಲಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು ಇದು. ನನ್ನ ಗಂಡ ಒಂದು ಜಪಾನಿ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಇಂಜಿನಿಯರುಗಳು ಗೀಚಿಕೊಟ್ಟದ್ದನ್ನು ಟ್ರೇಸಿಂಗ್ ಪೇಪರಿನ ಮೇಲೆ ಅಚ್ಚುಕಟ್ಟಾಗಿ ಬರೆಯುವ ಕೆಲಸ. ನಮ್ಮದು ಮಸ್ಕತ್ತಿನ ಹಮ್ರಿಯಾದಲ್ಲಿ ಮೂರನೆಯ ಮಹಡಿಯ ಫ್ಲಾಟು. ಕೆಳಗೆ ನಮ್ಮೂರ ಕಡೆಯ ಬ್ಯಾರಿ ಕಾಕನ ದಿನಸಿ ಅಂಗಡಿ. ಬಸಳೆಯಿಂದ ಹಿಡಿದು ಬಾಳೆಲೆಯವರೆಗೆ ಎಲ್ಲವೂ ಅಲ್ಲಿ ಸಿಗುತ್ತಿತ್ತು. ಅಮ್ಮನ ಜೊತೆ ನಾವು ಆಡುತ್ತಿದ್ದದ್ದು ತುಳು. ಇಲ್ಲಿ ಅವಳ ಮಾತನ್ನು ಊರಿನ ಕನ್ನಡದಲ್ಲಿ ಬರೆದಿದ್ದೇನೆ. ಅವಳು ಕನ್ನಡ ಮಾತಾಡುವಾಗ ಹಾಗೆಯೇ ಇರುತ್ತಿತ್ತು.

ಅಪ್ಪ ತೀರಿಕೊಂಡು ಆಗ ವರ್ಷ ತುಂಬಿರಲಿಲ್ಲ. ಅವರು ಸರ್ವಿಸ್ ಬಸ್ಸಿನ ಡ್ರೈವರ್. ಮಂಗಳೂರು–ಕಾರ್ಕಳ ರೂಟು. ನಮ್ಮ ಮನೆ ಆ ರಸ್ತೆಯ ಬದಿಯಲ್ಲೇ ಇತ್ತು. ದಿನಾ ಬೆಳಿಗ್ಗೆ ಅಮ್ಮ ಊಟದ ಕ್ಯಾರಿಯರ್ ಹಿಡಿದು ಅಂಗಳದ ತುದಿಯಲ್ಲಿ ನಿಂತಿರುತ್ತಿದ್ದಳು. ಬಸ್ಸು ನಿಲ್ಲುತ್ತಿತ್ತು, ಡ್ರೈವರ್ ಸೀಟಿನ ಕಿಟಕಿಯಿಂದ ಒಂದು ಕೈ ಹೊರಗೆ ಬರುತ್ತಿತ್ತು, ಕ್ಯಾರಿಯರ್ ಒಳಗೆ ಹೋಗುತ್ತಿತ್ತು. ಕಂಡಕ್ಟರ್ ಬಸ್ಸಿನ ಮೈಗೆ ಎರಡು ಸಲ ತಟ್ಟಿ "ರೈಟ್" ಎನ್ನುವವರೆಗೆ ಅಪ್ಪ ಗೇರಿಗೆ ಕೈ ಹಾಕಿದವರಲ್ಲ. ಕಂಡಕ್ಟರ್ ತಮಾಷೆಯ ಮನುಷ್ಯ. "ಇವತ್ತು ನೀವೇ ಹೇಳಿ ಅಕ್ಕ, ರೈಟ್ ಅಂತ" ಎನ್ನುತ್ತಿದ್ದ. ಬಸ್ಸು ತುಂಬ ಜನ ನಗುತ್ತಿದ್ದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಅವಳು ಹಾಗೆ ಹೇಳಿದ್ದಿಲ್ಲ.

ನಮ್ಮಲ್ಲಿ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ತೀರಿಹೋದ ಹಿರಿಯರಿಗೆ ಒಂದು ದಿನ ಎಲೆ ಬಡಿಸುವುದುಂಟು. ಕೋಳಿ, ರೊಟ್ಟಿ, ಪಕ್ಕದಲ್ಲಿ ಒಂದು ಲೋಟ ಕಳ್ಳು, ಬದುಕಿದ್ದಾಗ ಅವರಿಗೆ ಏನು ಇಷ್ಟವಿತ್ತೋ ಅದು. ಬಡಿಸಿ, ಬಾಗಿಲು ಎಳೆದುಕೊಂಡು, ಮನೆಯವರೆಲ್ಲ ಹೊರಗೆ ಕಾಯಬೇಕು. ಯಾರಾದರೂ ನೋಡುತ್ತಿದ್ದರೆ ಅವರು ಉಣ್ಣುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಬ್ಬರು ಕೆಮ್ಮಿ ಬಾಗಿಲು ತೆಗೆಯುತ್ತಾರೆ. ಆಮೇಲೆ ಆ ಎಲೆಯಿಂದ ಕಾಗೆಗೆ ಒಂದು ತುತ್ತು. ಅದಾದ ಮೇಲೆ ನಮ್ಮ ಊಟ.

ಅಪ್ಪನಿಗೆ ಇದು ಮೊದಲ ಆಟಿ. ಊರಲ್ಲಿದ್ದಿದ್ದರೆ ಅಮ್ಮ ತನ್ನ ಕೈಯಾರೆ ಬಡಿಸುತ್ತಿದ್ದಳು. ಆದರೆ ವಿಸಿಟ್ ವೀಸಾ ಪಂಚಾಂಗ ನೋಡಿಕೊಂಡು ಬರುವುದಿಲ್ಲ. ಕಫೀಲ್, ಅಂದರೆ ನಮ್ಮ ವೀಸಾಕ್ಕೆ ಜವಾಬ್ದಾರನಾದ ಅಲ್ಲಿನ ಅರಬ, ಯಾವಾಗ ಸಹಿ ಹಾಕುತ್ತಾನೋ ಆಗ ಬರುತ್ತದೆ, ಬಂದಾಗ ಹೊರಡಬೇಕು. ಅಮ್ಮ ಹೊರಟದ್ದು ಆಟಿಯ ಮೊದಲ ವಾರದಲ್ಲಿ. ಊರಲ್ಲಿ ಅಣ್ಣ ಬಡಿಸುತ್ತಾನಲ್ಲ ಎಂದು ನಾನು ಸಮಾಧಾನ ಹೇಳಿದೆ.

"ಬಡಿಸ್ತಾನೆ, ಬಡಿಸದೆ ಎಂತ" ಎಂದಳು ಅಮ್ಮ. "ಅವನ ಹೆಂಡ್ತಿ ಸಾರಿಗೆ ಹುಳಿ ಜಾಸ್ತಿ ಹಾಕ್ತಾಳೆ. ಅವರಿಗೆ ಹುಳಿ ಆಗುದಿಲ್ಲ. ಮೊದಲ ವರ್ಷ ಬಂದು, ಎಲೆ ನೋಡಿ, ಹಾಗೇ ಎದ್ದು ಹೋದ್ರೆ?"

"ಅವರು" ಎಂದರೆ ಅಪ್ಪ. ಅವಳ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದಲ್ಲಿದ್ದ ನನ್ನನ್ನು ಮುಂದೆ ತಳ್ಳುತ್ತಿದ್ದಳು.

ಸರಿ, ಇಲ್ಲಿಯೇ ಬಡಿಸೋಣ ಎಂದೆವು. ಒಂದು ಶುಕ್ರವಾರ ಮಲಗುವ ಕೋಣೆಯನ್ನು ಗುಡಿಸಿ ಒರೆಸಿ, ಬ್ಯಾರಿ ಕಾಕನ ಅಂಗಡಿಯಿಂದ ಎಲೆ ತಂದು, ಅಮ್ಮ ಎಲ್ಲ ಬಡಿಸಿ ಬಾಗಿಲು ಎಳೆದಳು. ನಾವು ಮೂವರು ಹಾಲಿನಲ್ಲಿ ಉಸಿರು ಬಿಗಿಹಿಡಿದು ಕೂತೆವು. ಅಷ್ಟರಲ್ಲಿ ಬೆಲ್ ಹೊಡೆಯಿತು. ಎದುರು ಫ್ಲಾಟಿನ ಪಾಕಿಸ್ತಾನಿ ಹೆಂಗಸು. ಸಾರಿನ ಪರಿಮಳ ಅವರ ಮನೆಯವರೆಗೂ ಹೋಗಿತ್ತಂತೆ, ಏನು ಅಡಿಗೆ ಎಂದು ಕೇಳಲು ಬಂದಿದ್ದಳು. ಅವಳ ಹಿಂದೆಯೇ ಗ್ಯಾಸ್ ಸಿಲಿಂಡರಿನವನು. ಇಬ್ಬರನ್ನೂ ಸಾಗಹಾಕಿ ಬಾಗಿಲು ತೆರೆದರೆ ಎಲೆ ಬಡಿಸಿದ ಹಾಗೆಯೇ ಇತ್ತು. ಬಾಲ್ಕನಿಯಲ್ಲಿ ಕಾಗೆಗೆ ಇಟ್ಟೆವು. ಹಮ್ರಿಯಾದ ಕಾಗೆಗಳಿಗೆ ಕಸದ ಡಬ್ಬಿಯಲ್ಲೇ ದಿನಾ ಮದುವೆ ಊಟ. ಒಂದು ಕಾಗೆ ಬಂದು ರೊಟ್ಟಿಯನ್ನು ಒಂದೇ ಕಣ್ಣಲ್ಲಿ ನೋಡಿ ಹಾರಿಹೋಯಿತು.

"ಬರ್ಲಿಲ್ಲ" ಎಂದಳು ಅಮ್ಮ. "ನಡುವಲ್ಲಿ ಇಷ್ಟು ದೊಡ್ಡ ಸಮುದ್ರ. ಮತ್ತೆ ಮೂರು ಮಾಳಿಗೆ. ಅವರಿಗೆ ದಾರಿ ಗೊತ್ತಾಗ್ಲಿಲ್ಲ."

"ಊರಿಡೀ ಬಸ್ಸು ಓಡಿಸಿದವರಿಗೆ ದಾರಿ ಗೊತ್ತಾಗುದಿಲ್ವಾ ಅಮ್ಮಾ?"

"ಅದು ಅವರ ರೂಟು. ಇದು ಅಲ್ಲ." ಆಮೇಲೆ ನನ್ನ ಹೊಟ್ಟೆ ಉರಿಸುವ ಮಾತು ಹೇಳಿದಳು. "ಅವರು ಉಣ್ಣದೆ ನಾನು ಈ ರೊಟ್ಟಿ ಮುಟ್ಟುದಿಲ್ಲ."

ಅವಳು ಮುಟ್ಟದಿದ್ದರೆ ನಾವು ಮುಟ್ಟುವುದು ಹೇಗೆ? ಪೊಟ್ಟಣಗಟ್ಟಲೆ ರೊಟ್ಟಿ ಕಪಾಟಿನಲ್ಲಿ ಕೂತಿತು. ಅಮ್ಮ ಗಂಜಿ, ಚಟ್ನಿ ಉಂಡು, ಕಿಟಕಿಯ ಬಳಿ ಕೂತು ಕೆಳಗಿನ ರಸ್ತೆ ನೋಡುತ್ತಿದ್ದಳು. ಪಕ್ಕದ ರೂವಿ ಪೇಟೆ ಕಡೆಗೆ ಬಸ್ಸು ಹೋದರೆ ಕತ್ತು ಉದ್ದ ಮಾಡುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟೂ ಬರುತ್ತಿತ್ತು, ಪಾಪವೂ ಅನ್ನಿಸುತ್ತಿತ್ತು. ಆಟಿ ಮುಗಿಯುವುದಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ.

ಹಾಗಿರುವಾಗ ಒಂದು ಸಂಜೆ ನನ್ನ ಗಂಡ ಆಫೀಸಿನಿಂದ ನಗುತ್ತಾ ಬಂದರು. ದೊಡ್ಡ ಮ್ಯಾನೇಜರು, ಅಂದರೆ ಕಂಪನಿಯ ಜಪಾನಿ ಮುಖ್ಯಸ್ಥರು, ಇವರ ಮೇಜಿನ ಬಳಿ ಬಂದು ಬಗ್ಗಿ ನಮಸ್ಕರಿಸಿ ಟ್ರೇಸಿಂಗ್ ಪೇಪರ್ ಕೇಳಿದರಂತೆ. ನಕ್ಷೆಗಲ್ಲ, ದೀಪ ಮಾಡಲಿಕ್ಕೆ. ಜಪಾನಿನಲ್ಲಿ ಬೇಸಿಗೆಯ ಈ ದಿನಗಳಲ್ಲಿ ಓಬೋನ್ ಎಂಬ ಹಬ್ಬ. ತೀರಿಕೊಂಡವರು ಕೆಲವು ದಿನದ ಮಟ್ಟಿಗೆ ಮನೆಗೆ ಬರುತ್ತಾರೆ. ಕೊನೆಯ ಸಂಜೆ ಕಾಗದದ ದೀಪಗಳನ್ನು ನೀರಿನಲ್ಲಿ ತೇಲಿಬಿಟ್ಟು ಅವರನ್ನು ಕಳಿಸಿಕೊಡುತ್ತಾರೆ. ಆ ವರ್ಷ ಕೆಲಸದ ಒತ್ತಡದಲ್ಲಿ ಯಾರಿಗೂ ರಜೆ ಸಿಕ್ಕಿರಲಿಲ್ಲವಾದ್ದರಿಂದ ಸಮುದ್ರದ ಬದಿಯ ಕ್ಯಾಂಪಿನಲ್ಲೇ ಹಬ್ಬ ಮಾಡುವುದೆಂದು ತೀರ್ಮಾನವಾಗಿತ್ತು. ಆಫೀಸಿನವರಿಗೆಲ್ಲ ಕುಟುಂಬ ಸಮೇತ ಆಹ್ವಾನ.

ಅಮ್ಮ ಕಿಟಕಿಯಿಂದ ಈಚೆಗೆ ತಿರುಗಿದಳು. "ಅವರ ಸತ್ತವರು ಇಲ್ಲಿಗೆ ಬಂದಿದ್ದಾರಾ? ಮಸ್ಕತ್ತಿಗೆ?"

"ಬಂದಿದ್ದಾರಂತೆ ಮಾಮಿ" ಎಂದರು ನನ್ನ ಗಂಡ. ತುಳುವರಲ್ಲಿ ಅತ್ತೆಯನ್ನು ಕರೆಯುವುದು ಹಾಗೆ.

"ಜಪಾನ್ ನಮ್ಮ ಮಂಗಳೂರಿಗಿಂತ ಹತ್ತಿರವಾ?"

"ಇಲ್ಲ ಮಾಮಿ. ತುಂಬ ದೂರ. ಭೂಪಟದ ಆ ಕೊನೆಯಲ್ಲಿ."

ಅಮ್ಮ ಎದ್ದು ಅಡಿಗೆಮನೆಗೆ ಹೋಗಿ ಮೆಣಸು ಎಷ್ಟಿದೆ ಎಂದು ಡಬ್ಬಿ ತೆರೆದು ನೋಡಿದಳು. "ಅಷ್ಟು ದೂರದವರಿಗೆ ದಾರಿ ಸಿಗ್ತದೆ ಅಂತಾದ್ರೆ ನಮ್ಮವರಿಗೆ ಯಾಕೆ ಸಿಗ್ಲಿಕ್ಕಿಲ್ಲ? ಅಲ್ಲಿ ದೀಪ ಉಂಟು, ಜನ ಉಂಟು, ಮಾಳಿಗೆ ಇಲ್ಲ. ಒಂದು ಕೋಳಿ ತನ್ನಿ."

ಕಂಪನಿಯ ಪಾರ್ಟಿಗೆ ಕೋಳಿ ಸಾರಿನ ಪಾತ್ರೆ ಹೊತ್ತುಕೊಂಡು ಹೋಗುವುದೇ ಎಂದು ನಾನು ಹಾರಾಡಿದೆ. ಮ್ಯಾನೇಜರು ಏನಂದುಕೊಂಡಾರು, ಕಾರಿನ ಸೀಟಿಗೆ ಎಣ್ಣೆ ಚೆಲ್ಲಿದರೆ ಒರೆಸುವವರು ಯಾರು ಎಂದೆಲ್ಲ ಕೇಳಿದೆ. ನನ್ನ ಗಂಡ ಕೋಳಿ ತರಲು ಕೆಳಗಿಳಿದರು. ಅವರಿಗೂ ರೊಟ್ಟಿ ಬೇಕಾಗಿತ್ತು.

ಕ್ಯಾಂಪ್ ಇದ್ದದ್ದು ಸೀಬ್ ದಾಟಿ ಸೊಹಾರ್ ಕಡೆ ಹೋಗುವ ದಾರಿಯಲ್ಲಿ. ಆಗಸ್ಟಿನ ಸೆಕೆ. ಕಾರಿನಿಂದ ಇಳಿದ ಕೂಡಲೇ ನನ್ನ ಕನ್ನಡಕ ಮಂಜಾಗಿ ಏನೂ ಕಾಣಲಿಲ್ಲ. ಒರೆಸಿ ಹಾಕಿಕೊಂಡಾಗ ಮೊದಲು ಕಂಡದ್ದು ದೊಡ್ಡ ಮ್ಯಾನೇಜರು. ಆಫೀಸಿನಲ್ಲಿ ಟೈ ಬಿಚ್ಚದ ಆ ಮನುಷ್ಯ ನೀಲಿ ಗೆರೆಯ ಹತ್ತಿಯ ನಿಲುವಂಗಿ ಸುತ್ತಿಕೊಂಡು, ಮರದ ಚಪ್ಪಲಿ ಹಾಕಿಕೊಂಡು ಕಲ್ಲಂಗಡಿ ಕೊಯ್ಯುತ್ತಿದ್ದರು. ಅವರ ಹೆಂಡತಿಯೂ ಅಂಥದೇ ಉಡುಪಿನಲ್ಲಿದ್ದರು. ಬಿದಿರು ಸಿಗದ ಊರಾದ್ದರಿಂದ ಸೈಟಿನ ಪ್ಲೈವುಡ್ಡಿನ ಚೂರುಗಳಿಗೆ ಎಸಿ ಪೆಟ್ಟಿಗೆಯ ಥರ್ಮೊಕೋಲ್ ಅಂಟಿಸಿ, ಮೇಲೆ ಕಡ್ಡಿ ನಿಲ್ಲಿಸಿ, ಸುತ್ತ ನನ್ನ ಗಂಡನ ಟ್ರೇಸಿಂಗ್ ಪೇಪರ್ ಸುತ್ತಿ ದೀಪದ ಗೂಡುಗಳನ್ನು ಮಾಡಿದ್ದರು. ಇಂಜಿನಿಯರುಗಳು ಮಾಡಿದ್ದಲ್ಲವೇ, ಎಲ್ಲವೂ ಒಂದೇ ಅಳತೆ.

ಮೇಜಿನ ಮೇಲೆ ಒಂದು ಸೌತೆಕಾಯಿ, ಒಂದು ಬದನೆಕಾಯಿ ಇದ್ದವು. ಎರಡಕ್ಕೂ ಬೆಂಕಿಕಡ್ಡಿಯ ನಾಲ್ಕು ನಾಲ್ಕು ಕಾಲು. ಅಮ್ಮ ಬಗ್ಗಿ ನೋಡಿದಳು. ಮ್ಯಾನೇಜರ ಹೆಂಡತಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಗಂಡ ತುಳುವಿಗೆ ತಿರುಗಿಸಿದರು. ಸೌತೆಕಾಯಿ ಕುದುರೆ. ತೀರಿಕೊಂಡವರು ಬೇಗ ಬರಲಿ ಎಂದು ಅದನ್ನು ಕಳಿಸುವುದು. ಬದನೆಕಾಯಿ ದನ. ಹಿಂದಿರುಗುವಾಗ ನಿಧಾನಕ್ಕೆ ಹೋಗಲಿ ಎಂದು ಅದರ ಮೇಲೆ ಕೂರಿಸುವುದು. ಆ ವರ್ಷ ಮ್ಯಾನೇಜರ ತಾಯಿ ತೀರಿಕೊಂಡಿದ್ದರಂತೆ. ಆ ಜೋಡಿ ಅವರಿಗಾಗಿ.

ಅಮ್ಮ ನಕ್ಕಳು. ಮಸ್ಕತ್ತಿಗೆ ಬಂದ ಮೇಲೆ ಅವಳು ಹಲ್ಲು ಕಾಣುವಂತೆ ನಕ್ಕದ್ದು ಅದೇ ಮೊದಲು. "ಚಂದ ಉಂಟು. ಆದ್ರೆ ನಮ್ಮವರು ಕುದುರೆ ಹತ್ತಿದವರಲ್ಲ. ದನ ಕಂಡ್ರೆ ಹಾರ್ನ್ ಹಾಕಿದವರು."

ಮ್ಯಾನೇಜರ ಹೆಂಡತಿ ಕುಂಚ ಮತ್ತು ಕಪ್ಪು ಶಾಯಿ ಇಟ್ಟುಕೊಂಡು ಕೂತಿದ್ದರು. ಪ್ರತಿ ದೀಪದ ಮೇಲೆ ತೀರಿಕೊಂಡವರ ಹೆಸರು ಬರೆಯಬೇಕು. ಅಮ್ಮನ ಕೈಗೂ ಒಂದು ದೀಪ ಕೊಟ್ಟು, ಯಾರಿಗೆ, ಹೆಸರೇನು ಎಂದು ಕೇಳಿದರು. ಅಮ್ಮ ನನ್ನ ಮುಖ ನೋಡಿದಳು. ನಾನು ಹೇಳಲು ಬಾಯಿ ತೆರೆದೆ.

"ಹೆಸರು ಬೇಡ" ಎಂದಳು. "ಅವರ ಹೆಸರು ನಾನು ಕೈಯಲ್ಲಿ ಹಿಡ್ಕೊಂಡು ನೀರಿಗೆ ಬಿಡುದು ಹೇಗೆ?"

"ಹೆಸರಿಲ್ಲದಿದ್ರೆ ಯಾರದ್ದು ಅಂತ ಗೊತ್ತಾಗುದು ಹೇಗೆ?"

ಅಮ್ಮ ದೀಪವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಉದ್ದಕ್ಕಿದ್ದ ಹಲಗೆ, ಮೇಲೆ ಚೌಕಟ್ಟು, ನಾಲ್ಕು ಮಗ್ಗುಲು. ಅವಳ ಮುಖ ಅರಳಿತು. "ಬೋರ್ಡ್ ಬರೀರಿ" ಎಂದು ಅಳಿಯನ ಕಡೆ ತಿರುಗಿದಳು. "ಬಸ್ಸಿನ ಬೋರ್ಡ್. ಮಸ್ಕತ್, ಮಂಗಳೂರು. ವಯಾ ಬೊಂಬಾಯಿ."

ನಮ್ಮ ವಿಮಾನಗಳೆಲ್ಲ ಆಗ ಬೊಂಬಾಯಿಯ ಮೇಲೆಯೇ ಹೋಗುತ್ತಿದ್ದವು. ಅವಳಿಗೆ ಗೊತ್ತಿದ್ದ ದಾರಿ ಅದೊಂದೇ. ನನ್ನ ಗಂಡ ತಮ್ಮ ಜೇಬಿನ ಪೆನ್ನು ತೆಗೆದು, ಮಂಗಳೂರಿನ ಬಸ್ಸಿನ ಬೋರ್ಡಿನಂತೆಯೇ ದಪ್ಪ ಅಕ್ಷರದಲ್ಲಿ ಮುಂದೆ ಬರೆದರು. ಬದಿಗಳಲ್ಲಿ ಕಿಟಕಿಗಳ ಸಾಲು ಎಳೆದರು. ಹುಮ್ಮಸ್ಸು ಏರಿ, ಮೇಲೆ ಎಕ್ಸ್‌ಪ್ರೆಸ್ ಎಂದು ಬರೆಯಹೊರಟರು.

"ಅದು ಬೇಡ" ಎಂದು ಅಮ್ಮ ಅವರ ಕೈ ತಡೆದಳು. "ಅವರು ಕೈ ತೋರಿಸಿದವರಿಗೆಲ್ಲ ನಿಲ್ಲಿಸುವವರು."

ಮ್ಯಾನೇಜರು ಕಲ್ಲಂಗಡಿ ಬಿಟ್ಟು ಬಂದು ದೀಪವನ್ನು ಎತ್ತಿ ಹಿಡಿದು ನೋಡಿದರು. ವಿಷಯ ತಿಳಿದು ತಲೆ ಆಡಿಸಿದರು, ಆಮೇಲೆ ಇನ್ನೊಂದು ಸಲ ಗಂಭೀರವಾಗಿ ತಲೆ ಆಡಿಸಿದರು. ನಾನು ನಾಚಿಕೆಯಿಂದ ನೆಲ ನೋಡುತ್ತಿದ್ದೆ. ಅವರ ಮುಖದಲ್ಲಿ ಒಂದಿಷ್ಟೂ ತಮಾಷೆ ಇರಲಿಲ್ಲ.

ಟೇಪ್ ರೆಕಾರ್ಡರಿನಲ್ಲಿ ಡೋಲಿನ ಸದ್ದು ಶುರುವಾಯಿತು. ಎಲ್ಲರೂ ವೃತ್ತವಾಗಿ ನಿಂತು ಕುಣಿಯಬೇಕಂತೆ. ನನಗೆ ಮದುವೆಮನೆಯಲ್ಲಿ ಫೋಟೋಕ್ಕೆ ನಿಲ್ಲುವುದೇ ಮುಜುಗರ. ಕುಣಿತ ಯಾರಿಗೆ ಬೇಕು ಎಂದು ಹಿಂದೆ ಸರಿದೆ. ಮ್ಯಾನೇಜರ ಹೆಂಡತಿ ನನ್ನ ಕೈ ಹಿಡಿದು ಎಳೆದುಕೊಂಡೇ ಹೋದರು. ಎರಡು ಹೆಜ್ಜೆ ಮುಂದೆ, ಒಂದು ಹಿಂದೆ, ಕೈ ಮೇಲೆ, ಕೈ ಕೆಳಗೆ, ಚಪ್ಪಾಳೆ. ನಾನು ಹಿಂದೆ ಹೋಗಬೇಕಾದಲ್ಲಿ ಮುಂದೆ ಹೋಗಿ ಒಬ್ಬ ಇಂಜಿನಿಯರನ ಬೆನ್ನಿಗೆ ಡಿಕ್ಕಿ ಹೊಡೆದೆ. ಅವನೇ ತಿರುಗಿ ನನಗೆ ಕ್ಷಮೆ ಕೇಳಿದ. ಮುಂದಿನ ಸುತ್ತಿನಲ್ಲಿಯೂ ಅದೇ ಆಯಿತು. ಮೂರನೆಯ ಸುತ್ತಿಗೆ ಅವನು ಮೊದಲೇ ಕ್ಷಮೆ ಕೇಳಿ ಆಚೆ ಸರಿದುಕೊಂಡ. ಸೀರೆಯ ನೆರಿಗೆ ಒದ್ದೆಯಾಗಿ ಕಾಲಿಗೆ ಸುತ್ತಿಕೊಳ್ಳುತ್ತಿತ್ತು, ಬೆವರು ಮೂಗಿನ ತುದಿಯಿಂದ ಇಳಿಯುತ್ತಿತ್ತು, ಆದರೂ ನಾನು ಬಿಡಲಿಲ್ಲ. ಅಷ್ಟು ಖುಷಿ ಪಟ್ಟು ತಪ್ಪು ಹೆಜ್ಜೆ ಹಾಕಿದ ದಿನ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.

ಸೂರ್ಯ ಮುಳುಗಿದ. ದೂರದ ಮಸೀದಿಯಿಂದ ಬಾಂಗ್ ಕೇಳಿ ಟೇಪ್ ನಿಲ್ಲಿಸಿದರು. ಅದು ಮುಗಿದ ಮೇಲೆ ಜನ ದೀಪಗಳನ್ನು ಎತ್ತಿಕೊಂಡು ನೀರಿನ ಕಡೆ ಹೊರಡತೊಡಗಿದರು. ಅಮ್ಮ ಹೊರಡಲಿಲ್ಲ.

"ಈಗ ಕಳಿಸುದಂತಲ್ಲ?" ಎಂದು ಅಳಿಯನನ್ನು ಕೇಳಿದಳು. "ಉಣ್ಣದೆ ಕಳಿಸುದು ಹೇಗೆ? ಹೇಳಿ ಅವರಿಗೆ. ಮೊದಲು ಊಟ."

ನಾನು ಕಣ್ಣಲ್ಲೇ ಬೇಡ ಎಂದೆ. ನನ್ನ ಗಂಡ ನನ್ನ ಕಣ್ಣು ನೋಡಲೇ ಇಲ್ಲ. ಮ್ಯಾನೇಜರ ಬಳಿ ಹೋಗಿ, ಕೈ ಮುಂದೆ ಕಟ್ಟಿಕೊಂಡು, ನಮ್ಮ ಕ್ರಮವನ್ನೆಲ್ಲ ವಿವರಿಸಿದರು. ಎಲೆ, ಕೋಳಿ, ರೊಟ್ಟಿ, ಕಳ್ಳು, ಮತ್ತೆ ಮುಚ್ಚಿದ ಬಾಗಿಲು. ಮ್ಯಾನೇಜರು ಕೇಳಿದ್ದು ಒಂದೇ ಪ್ರಶ್ನೆ. ಇಲ್ಲಿ ಬಾಗಿಲೇ ಇಲ್ಲವಲ್ಲ, ಏನು ಮಾಡುವುದು?

ಅಮ್ಮನ ಬಳಿ ಉತ್ತರ ಸಿದ್ಧವಿತ್ತು. "ಎಲ್ಲರೂ ಆಚೆ ತಿರುಗಿ ನಿಂತ್ರೆ ಆಯ್ತು."

ಮರಳಿನ ಮೇಲೆ ಎಲೆ ಹಾಸಿದಳು. ರೊಟ್ಟಿ ಇಟ್ಟಳು, ಸಾರು ಬಡಿಸಿದಳು, ಬದಿಯಲ್ಲಿ ಒಣಮೀನಿನ ಚಟ್ನಿ. ಬಸ್ಸಿನ ದೀಪವನ್ನು ಎಲೆಯ ಎದುರಿಗೆ, ಬಂದು ನಿಂತ ಹಾಗೆ ಇಟ್ಟಳು. ಕಳ್ಳು ಇಲ್ಲ ಎಂಬ ಕೊರಗು ಅವಳಿಗಿತ್ತು. ಮ್ಯಾನೇಜರು ಕ್ಯಾಂಪಿನೊಳಗೆ ಹೋಗಿ ಒಂದು ಪುಟ್ಟ ಪಿಂಗಾಣಿ ಬಟ್ಟಲಿನಲ್ಲಿ ತಮ್ಮ ದೇಶದ ಮದ್ಯ ತಂದು ಎರಡೂ ಕೈಯಲ್ಲಿ ಕೊಟ್ಟರು. ಅಕ್ಕಿಯಿಂದ ಮಾಡಿದ್ದು ಎಂದರು. ಅಮ್ಮ ಮೂಸಿ ನೋಡಿ, "ಅಕ್ಕಿಯದ್ದಾದ್ರೆ ಅಡ್ಡಿ ಇಲ್ಲ" ಎಂದು ಎಲೆಯ ಬಲಬದಿಗೆ ಇಟ್ಟಳು.

ಆಮೇಲೆ ಮ್ಯಾನೇಜರು ತಮ್ಮ ಭಾಷೆಯಲ್ಲಿ ಎರಡು ಮಾತು ಹೇಳಿದರು. ಅಷ್ಟೂ ಜನ ಸಮುದ್ರಕ್ಕೆ ಬೆನ್ನು ಹಾಕಿ, ಕ್ಯಾಂಪಿನ ಬೇಲಿಗೆ ಮುಖ ಮಾಡಿ ನಿಂತರು. ಇಂಜಿನಿಯರುಗಳು, ಅವರ ಹೆಂಡತಿಯರು, ಮಲಯಾಳಿ ಸ್ಟೋರ್‌ಕೀಪರು, ಒಮಾನಿ ವಾಚ್‌ಮನ್, ಎಲ್ಲರೂ. ಕೈಯಲ್ಲಿ ಉರಿಯದ ದೀಪಗಳು. ಒಬ್ಬರೂ ಕಿಸಕ್ಕೆನ್ನಲಿಲ್ಲ. ನಾನು ಮಾತ್ರ ನಗು ತಡೆಯಲು ಸೆರಗು ಕಚ್ಚಿಕೊಂಡಿದ್ದೆ. ಬೇಲಿಯ ಆಚೆ ನೋಡಲು ನಮ್ಮ ಕಾರಲ್ಲದೆ ಬೇರೇನೂ ಇರಲಿಲ್ಲ. ಎಲ್ಲರೂ ಅದನ್ನೇ ಭಕ್ತಿಯಿಂದ ನೋಡುತ್ತಿದ್ದರು.

ಆಗ ಹಿಂದೆ ಸದ್ದಾಯಿತು. ಕರ್. ಸ್ವಲ್ಪ ಬಿಟ್ಟು ಮತ್ತೆ, ಕರ್, ಕರ್. ಕೋರಿ ರೊಟ್ಟಿ ಮುರಿಯುವ ಸದ್ದನ್ನು ನಮ್ಮ ಕಡೆಯವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ನನ್ನ ನಗು ಅಲ್ಲಿಗೇ ನಿಂತಿತು. ಪಕ್ಕದಲ್ಲಿ ಅಮ್ಮ ಕಣ್ಣು ಮುಚ್ಚಿ ನಿಂತಿದ್ದಳು. ಅವಳ ಕೈ ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡಿತು. ಅಪ್ಪ ಊಟಕ್ಕೆ ಕೂತರೆ ಅಡಿಗೆಮನೆಯವರೆಗೂ ಇದೇ ಸದ್ದು ಕೇಳುತ್ತಿತ್ತು, ಅವಳು ಒಳಗಿನಿಂದಲೇ ಲೆಕ್ಕ ಹಾಕಿ ಇನ್ನೊಂದು ರೊಟ್ಟಿ ತರುತ್ತಿದ್ದಳು. ಈಗ ಅವಳು ಅಲುಗಾಡಲಿಲ್ಲ. ಸದ್ದು ನಿಂತ ಮೇಲೂ ಸ್ವಲ್ಪ ಕಾದು, ಆಮೇಲೆ ಗಂಟಲು ಸರಿಮಾಡಿಕೊಂಡು ಕೆಮ್ಮಿದಳು. ಎಲ್ಲರೂ ತಿರುಗಿದರು.

ರೊಟ್ಟಿಯ ಒಂದು ಮೂಲೆ ಇರಲಿಲ್ಲ. ಕೋಳಿಯ ಒಂದು ತುಂಡೂ ಇರಲಿಲ್ಲ. ಎಲೆಯಿಂದ ಅಡಿಗೆಮನೆಯ ಷೆಡ್ಡಿನವರೆಗೆ ಮರಳಿನ ಮೇಲೆ ಪುಟ್ಟ ಪುಟ್ಟ ಹೆಜ್ಜೆಗಳು.

ಅಮ್ಮ ಆ ಹೆಜ್ಜೆಗಳನ್ನು ನೋಡಿದಳು. "ಬೆಕ್ಕು" ಎಂದು ಅವಳೇ ಹೇಳಿದಳು, ಆರಾಮಾಗಿ. "ಊರಲ್ಲಿ ಕಾಗೆ, ಇಲ್ಲಿ ಬೆಕ್ಕು. ಬಂದದ್ದು ಬಂದ ಹಾಗೆಯೇ ಅಲ್ವಾ? ಹುಳಿ ಕಮ್ಮಿ ಹಾಕಿದ್ದು ಒಳ್ಳೇದಾಯ್ತು."

ಮ್ಯಾನೇಜರು ನನ್ನ ಗಂಡನಿಂದ ಅದನ್ನು ಕೇಳಿ ತಿಳಿದುಕೊಂಡು, ಅಮ್ಮನಿಗೆ ಸೊಂಟದವರೆಗೆ ಬಗ್ಗಿ ನಮಸ್ಕರಿಸಿದರು. ಅಮ್ಮನೂ ಬಗ್ಗಿದಳು. ಅವರು ಇನ್ನೊಮ್ಮೆ ಬಗ್ಗಿದರು. ಇವಳೂ ಬಿಡಲಿಲ್ಲ. ಕೊನೆಗೆ ನಾನು ಅವಳ ರಟ್ಟೆ ಹಿಡಿದು ನಿಲ್ಲಿಸಬೇಕಾಯಿತು.

ಮೇಣದಬತ್ತಿಗಳನ್ನು ಹಚ್ಚಿದರು. ಟ್ರೇಸಿಂಗ್ ಪೇಪರಿನೊಳಗಿಂದ ಬೆಳಕು ಹಾಲಿನಂತೆ ತುಂಬಿಕೊಂಡಿತು. ಗಂಡಸರು ಪ್ಯಾಂಟು ಮಡಚಿ ನೀರಿಗಿಳಿದು ಒಂದೊಂದೇ ದೀಪವನ್ನು ಅಲೆಯಾಚೆ ಬಿಡತೊಡಗಿದರು. ಗಾಳಿ ಇರಲಿಲ್ಲ. ಸಮುದ್ರ ಮೆಲ್ಲಗೆ ಉಸಿರಾಡುತ್ತಿತ್ತು. ದೀಪಗಳು ಒಂದರ ಹಿಂದೆ ಒಂದು ಹೊರಟವು. ನೋಡಲು ಎಷ್ಟು ಚೆಂದವಿತ್ತೆಂದರೆ ನಾನು ಸೆಕೆಯನ್ನೇ ಮರೆತೆ.

ಅಮ್ಮ ಸೀರೆ ಎತ್ತಿ ಸಿಕ್ಕಿಸಿ, ಮೊಣಕಾಲಿನವರೆಗೆ ನೀರಿಗಿಳಿದು ತನ್ನ ಬಸ್ಸನ್ನು ಇಟ್ಟಳು. ಅಲೆ ಅದನ್ನು ಹಿಂದಕ್ಕೆ ತಂದು ಅವಳ ಕಾಲಿಗೆ ತಾಗಿಸಿತು. ಮತ್ತೆ ಇಟ್ಟಳು, ಮತ್ತೆ ಬಂತು.

"ನಾನು ಆಚೆ ಕೊಂಡುಹೋಗಿ ಬಿಡ್ತೇನೆ ಮಾಮಿ" ಎಂದರು ನನ್ನ ಗಂಡ.

"ಬೇಡ. ನಾನೇ ಬಿಡ್ತೇನೆ."

ನಾನು ಅವಳ ಪಕ್ಕಕ್ಕೆ ಹೋಗಿ ನಿಂತೆ. ಆಗ ಕಂಡಿತು. ಅಲೆ ತಂದದ್ದು ಮೊದಲು ಒಂದೆರಡು ಸಲ ಮಾತ್ರ. ಈಗ ಅಮ್ಮನ ಬೆರಳುಗಳೇ ಹಲಗೆಯ ಅಂಚನ್ನು ಬಿಟ್ಟಿರಲಿಲ್ಲ. ಬರಲಿಲ್ಲ ಎಂದು ಇಷ್ಟು ದಿನ ಕೊರಗಿದವಳು, ಬಂದ ಮೇಲೆ ಕಳಿಸಲಾರದೆ ನಿಂತಿದ್ದಳು. ಕಾಗದದ ಕಿಟಕಿಗಳಿಂದ ಬೆಳಕು ಅವಳ ಮುಖಕ್ಕೆ ಬೀಳುತ್ತಿತ್ತು. ಅವಳು ಅಳುತ್ತಿರಲಿಲ್ಲ. ಬೆಳಗಿನ ಹೊತ್ತು ಕ್ಯಾರಿಯರ್ ಹಿಡಿದು ಅಂಗಳದ ತುದಿಯಲ್ಲಿ ನಿಂತಾಗ ಹೇಗಿರುತ್ತಿದ್ದಳೋ ಹಾಗೆಯೇ ಇದ್ದಳು. ನನಗೆ ಅಪ್ಪನ ನೆನಪು ಒತ್ತರಿಸಿ ಬಂತು. ಅವರು ಸತ್ತ ಮೇಲೆ ನಾನು ಊರಿಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನಗೂ ಅವರನ್ನು ಕಳಿಸಿ ಆಗಿರಲಿಲ್ಲ.

ಹಿಂದೆ ನೀರು ಸದ್ದು ಮಾಡಿತು. ಮ್ಯಾನೇಜರು ತಮ್ಮ ತಾಯಿಯ ದೀಪ ಹಿಡಿದು ಅಮ್ಮನ ಹಿಂದೆ ಬಂದು ನಿಂತಿದ್ದರು. ಅವಳದು ಹೋಗಲಿ ಎಂದು ಕಾಯುತ್ತಿದ್ದರು, ಬೇಗ ಮಾಡಿ ಎನ್ನುವ ಮನುಷ್ಯರಲ್ಲ.

ನಮ್ಮೂರ ಸರ್ವಿಸ್ ಬಸ್ಸುಗಳ ಸಂಗತಿ ಗೊತ್ತಿದ್ದವರಿಗೆ ಗೊತ್ತು. ಮುಂದಿನದು ಸ್ಟಾಪಿನಲ್ಲಿ ಒಂದು ನಿಮಿಷ ಹೆಚ್ಚು ನಿಂತರೆ ಹಿಂದಿನದು ಬಂದು ಊರು ಕಿತ್ತುಹೋಗುವಂತೆ ಹಾರ್ನ್ ಹಾಕುತ್ತದೆ. ಅಪ್ಪನ ಅರ್ಧ ಜಗಳಗಳೆಲ್ಲ ಟೈಮಿಂಗಿನ ಮೇಲೆಯೇ.

"ಅಮ್ಮಾ" ಎಂದೆ. "ಹಿಂದಿನ ಬಸ್ಸು ಬಂದು ನಿಂತಿದೆ. ಟೈಮ್ ಆಯ್ತು. ಅಪ್ಪನಿಗೆ ಬೈಗುಳ ತಿನ್ನಿಸ್ಬೇಡ."

ಅಮ್ಮ ತಿರುಗಿ ಮ್ಯಾನೇಜರನ್ನು, ಅವರ ಕೈಯ ದೀಪವನ್ನು ನೋಡಿದಳು. ಬಗ್ಗಿ ಹಲಗೆಯ ಮಗ್ಗುಲಿಗೆ ಅಂಗೈಯಿಂದ ಎರಡು ಸಲ ತಟ್ಟಿದಳು.

"ರೈಟ್" ಎಂದಳು. ಜೋರಾಗಿಯೇ, ಕಂಡಕ್ಟರ್ ಹೇಳುತ್ತಿದ್ದ ಹಾಗೆ. ಆಮೇಲೆ ದನಿ ತಗ್ಗಿಸಿ ತುಳುವಿನಲ್ಲಿ, "ಪೋಲೆ" ಎಂದಳು. ಹೋಗಿ ಬನ್ನಿ ಎಂದೇನೂ ಅಲ್ಲ. ಬರೀ, ಹೋಗಿ.

ಕೈ ಬಿಟ್ಟಳು. ಇಳಿಯುವ ಅಲೆಯೊಂದು ಬಸ್ಸನ್ನು ಎತ್ತಿಕೊಂಡು ಹೋಯಿತು. ಮಂಗಳೂರು ಎಂಬ ಅಕ್ಷರ ಒಮ್ಮೆ ನಮ್ಮ ಕಡೆ ತಿರುಗಿ, ಮತ್ತೆ ಆಚೆಗೆ ತಿರುಗಿತು. ಅದರ ಹಿಂದೆಯೇ ಮ್ಯಾನೇಜರ ತಾಯಿಯ ದೀಪ ಹೊರಟಿತು. ಯಾವುದು ಯಾವುದೆಂದು ತಿಳಿಯದಷ್ಟು ದೂರ ಹೋಗುವವರೆಗೆ ನಾವು ನೀರಿನಲ್ಲೇ ನಿಂತಿದ್ದೆವು. ನಾನು ಮುಖ ಒರೆಸಿಕೊಂಡೆ. ಬೆವರು ಎಂದು ಯಾರೂ ತಿಳಿಯುವಂತಿರಲಿಲ್ಲ, ನಾನು ಅಷ್ಟು ಅತ್ತಿದ್ದೆ.

ಅಮ್ಮ ದಡಕ್ಕೆ ಬಂದು ಸೀರೆಯ ಅಂಚು ಹಿಂಡಿದಳು. ಸಾರಿನ ಪಾತ್ರೆಯ ಮುಚ್ಚಳ ತೆಗೆದು ಒಳಗೆ ನೋಡಿದಳು.

"ಉಳಿದ ರೊಟ್ಟಿ ಕಾರಲ್ಲುಂಟಲ್ಲ?" ಎಂದು ನನ್ನನ್ನು ಕೇಳಿದಳು. "ತಾ ಮಗಾ. ನಂಗೆ ಹಸಿವಾಗ್ತಾ ಉಂಟು."